ಎರಡಡಿ ತೊಟ್ಟಿಯಲ್ಲಿ ಆಸ್ಕರ್, ಶಾರ್ಕ್, ಸಕ್ಕರ್: ಎಷ್ಟು ಕಾಲ ಸಾಕಬಹುದು?

ಪ್ರಶ್ನೆ — ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಆಷಾಢಕ್ಕೆ ಮೊದಲು ನಮ್ಮ ಮನೆಯ ಮೇಲಂತಸ್ತಿನ ಗೃಹಪ್ರವೇಶವಾದಾಗ ನೆಂಟರೊಬ್ಬರು ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿಯನ್ನೂ ಅದರಲ್ಲಿ ಬಿಡಲು ಮೀನಿನ ಮರಿಗಳನ್ನೂ ಉಡುಗೊರೆಯಾಗಿ ಕೊಟ್ಟರು. ಎರಡು ಟೈಗರ್ ಆಸ್ಕರ್, ಮೂರು ಶಾರ್ಕ್, ಗಾಜು ನೆಕ್ಕುವ ಒಂದು ಸಕ್ಕರ್, ಎರಡು ಗೋಲ್ಡ್‌ಫಿಶ್ ಅದರಲ್ಲಿವೆ. ತಂದಾಗ ಎಲ್ಲವೂ ಬೆರಳುದ್ದವೂ ಇರಲಿಲ್ಲ. ತೊಟ್ಟಿ ಖಾಲಿಯಾಗಿಯೇ ಕಾಣುತ್ತಿತ್ತು. ಈಗ ದಸರಾ ಹತ್ತಿರ ಬರುವಷ್ಟರಲ್ಲಿ ಆಸ್ಕರ್‌ಗಳು ಸುಮಾರು 12 ಸೆಂಟಿಮೀಟರ್ ಆಗಿವೆ, ಶಾರ್ಕ್‌ಗಳು 15 ಸೆಂಟಿಮೀಟರ್ ದಾಟಿವೆ.

ತೊಂದರೆಗಳು ಹೀಗಿವೆ. ಬೆಳಿಗ್ಗೆ ಎದ್ದು ನೋಡಿದರೆ ಗೋಲ್ಡ್‌ಫಿಶ್‌ಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡು ನಿಂತಿರುತ್ತವೆ. ದೀಪ ಹಾಕಿದೊಡನೆ ಶಾರ್ಕ್‌ಗಳು ಬೆದರಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತವೆ. ಒಂದರ ಮೂತಿ ಆಗಲೇ ಬೆಳ್ಳಗೆ ತರಚಿದೆ. ನೀರು ಎರಡೇ ದಿನದಲ್ಲಿ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಅಂಗಡಿಯವರು ಹೇಳಿಕೊಟ್ಟಂತೆ ಪ್ರತಿ ಭಾನುವಾರ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಾಂಜನ್ನೂ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ತುಂಬುತ್ತಿದ್ದೇವೆ. ಏರ್ ಪಂಪಿನ ಸದ್ದು ಮಲಗುವ ಕೋಣೆಗೆ ಕೇಳುವುದರಿಂದ ಮನೆಯವರು ರಾತ್ರಿ ಅದನ್ನು ಆರಿಸುತ್ತಾರೆ.

ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆದು ನಿಲ್ಲುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದಾರೆ. ಇದು ನಿಜವೇ? ಆಹಾರ ಕಡಿಮೆ ಮಾಡಿ ಬೆಳವಣಿಗೆಯನ್ನು ತಡೆಯಬಹುದೇ? ದೊಡ್ಡ ತೊಟ್ಟಿ ಕೊಳ್ಳುವುದಾದರೆ ಎಷ್ಟು ದೊಡ್ಡದಿರಬೇಕು? ಮಕ್ಕಳು ಮೀನುಗಳಿಗೆಲ್ಲ ಹೆಸರಿಟ್ಟು ಹಚ್ಚಿಕೊಂಡಿರುವುದರಿಂದ, ಅವುಗಳಿಗೆ ನಿಜವಾಗಿ ಒಳ್ಳೆಯದಾಗುವ ದಾರಿ ಯಾವುದೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ — ಮಂಡ್ಯ

ಇವತ್ತೇ ಮಾಡಬೇಕಾದ ಕೆಲಸವನ್ನು ಮೊದಲು ಹೇಳಿ ಆಮೇಲೆ ಕಾರಣಕ್ಕೆ ಬರುತ್ತೇನೆ. ಏರ್ ಪಂಪ್ ಹಗಲೂ ರಾತ್ರಿಯೂ ಓಡುತ್ತಲೇ ಇರಲಿ. ಸದ್ದು ತೊಂದರೆಯಾದರೆ ಪಂಪನ್ನು ಮಡಿಸಿದ ದಪ್ಪ ಬಟ್ಟೆಯ ಮೇಲೆ, ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಿ, ಅರ್ಧಕ್ಕರ್ಧ ಸದ್ದು ಅಡಗುತ್ತದೆ. ಎರಡು ದಿನ ಯಾವ ಆಹಾರವನ್ನೂ ಹಾಕಬೇಡಿ. ಈ ಗಾತ್ರದ ಮೀನುಗಳಿಗೆ ಅಷ್ಟು ಉಪವಾಸದಿಂದ ಏನೂ ಆಗುವುದಿಲ್ಲ. ಇವತ್ತು ಮೂರನೇ ಒಂದು ಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್‌ಗಳಲ್ಲಿ ಹಿಡಿದಿಟ್ಟು ಕ್ಲೋರಿನ್ ಹಾರಿಹೋದ ನೀರನ್ನು ತುಂಬಿ. ಹಿಡಿದಿಟ್ಟ ನೀರಿಲ್ಲದಿದ್ದರೆ ಅಂಗಡಿಗಳಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರವ ಸಾಕು, ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ನಾಳೆ, ನಾಡಿದ್ದೂ ಹೀಗೆಯೇ ಮಾಡಿ. ನೀರನ್ನೆಲ್ಲ ಒಮ್ಮೆಲೇ ಚೆಲ್ಲುವುದನ್ನು ಮಾತ್ರ ದಯವಿಟ್ಟು ಇಂದಿನಿಂದಲೇ ನಿಲ್ಲಿಸಿ.

ನೀರು ಮಬ್ಬಾಗುವುದಕ್ಕೆ ಆ ಭಾನುವಾರದ ತೊಳೆಯುವಿಕೆಯೇ ಮುಖ್ಯ ಕಾರಣವೆಂದು ನನ್ನ ಅಂದಾಜು. ಮೀನು ತಿಂದ ಆಹಾರದಲ್ಲಿರುವ ಪ್ರೋಟೀನಿನ ಬಹುಪಾಲು ಸಾರಜನಕ ಕೊನೆಗೆ ಅಮೋನಿಯಾ ಆಗಿ ಹೊರಬರುತ್ತದೆ, ಅದೂ ಹೆಚ್ಚಾಗಿ ಹಿಕ್ಕೆಯಲ್ಲಲ್ಲ, ಕಿವಿರುಗಳಿಂದ. ಆದ್ದರಿಂದ ತಳದ ಕಸವನ್ನು ಎಷ್ಟು ಚೊಕ್ಕವಾಗಿ ಎಳೆದು ತೆಗೆದರೂ ಅಮೋನಿಯಾ ನೀರಿನಲ್ಲೇ ಉಳಿದಿರುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಸ್ಪಾಂಜಿನಲ್ಲಿ, ಕಲ್ಲುಗಳ ಮೇಲೆ, ಗಾಜಿನ ಮೇಲೆ ನೆಲೆಯೂರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ವಾರಕ್ಕೊಮ್ಮೆ ಸ್ಪಾಂಜು ತೊಳೆದರೆ ಅವು ನೆಲೆಯೂರುವುದಕ್ಕೆ ಮುಂಚೆಯೇ ನಾಶವಾಗುತ್ತವೆ, ತೊಟ್ಟಿ ಎಂದೆಂದಿಗೂ ಹೊಸ ತೊಟ್ಟಿಯಾಗಿಯೇ ಉಳಿಯುತ್ತದೆ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನ ಬಕೆಟಿನಲ್ಲೇ ಅದ್ದಿ, ಮೆಲ್ಲಗೆ ಹಿಂಡಿ ಹಾಕಿದರೆ ಸಾಕು.

ನೀವು ಯಾವ ನೀರು ಬಳಸುತ್ತೀರಿ ಎಂದು ಬರೆದಿಲ್ಲ. ಕಾವೇರಿ, ಕಬಿನಿ ನೀರಾದರೆ ಕ್ಲೋರಿನ್ ನೋಡಿಕೊಳ್ಳಬೇಕು. ಬೋರ್‌ವೆಲ್ ನೀರಾದರೆ ಪಿಎಚ್, ಎಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ, ನೋಡಿಕೊಳ್ಳಬೇಕು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದಾಗ ಅದು ನೂರಕ್ಕೆ ಐದು ಪಾಲು ದಾಟುತ್ತದೆ. ಪಿಎಚ್ ಹೆಚ್ಚಿರುವ ಗಡಸು ನೀರಿನ ಮನೆಯಲ್ಲಿ ಅಷ್ಟೇ ಕೊಳೆ ಸುಮಾರು ಹತ್ತು ಪಟ್ಟು ಅಪಾಯಕಾರಿಯಾಗುತ್ತದೆ ಎಂದರ್ಥ. ಅಮೋನಿಯಾ ಮತ್ತು ಪಿಎಚ್ ಪರೀಕ್ಷಿಸುವ ದ್ರವದ ಸಣ್ಣ ಬಾಟಲಿಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಬಣ್ಣದ ಕಲ್ಲು, ಬೊಂಬೆಗಳಿಗೆ ಖರ್ಚು ಮಾಡುವ ಮೊದಲು ಅವನ್ನು ಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಮೀನು ಉದ್ದದಲ್ಲಿ ಎರಡು ಪಟ್ಟಾದಾಗ ದಪ್ಪದಲ್ಲೂ ಎತ್ತರದಲ್ಲೂ ಹೆಚ್ಚುಕಡಿಮೆ ಎರಡೆರಡು ಪಟ್ಟಾಗುತ್ತದೆ. ಹಾಗಾಗಿ ತೂಕ ಎಂಟು ಪಟ್ಟಾಗುತ್ತದೆ. ನಿಮ್ಮ ಆಸ್ಕರ್ 5 ಸೆಂಟಿಮೀಟರ್‌ನಿಂದ 12ಕ್ಕೆ ಬಂದಿದ್ದರೆ ಅದರ ತೂಕ ಆಗಲೇ ಹದಿಮೂರು ಪಟ್ಟು ಮೀರಿದೆ. 25 ಸೆಂಟಿಮೀಟರ್ ತಲುಪಿದಾಗ ಮರಿಯ ತೂಕದ 125 ಪಟ್ಟಾಗಿರುತ್ತದೆ. ಚೆನ್ನಾಗಿ ತಿನ್ನುವ ಆಸ್ಕರ್ ಮೊದಲ ವರ್ಷದಲ್ಲಿ ತಿಂಗಳಿಗೆ ಸುಮಾರು ಒಂದು ಅಂಗುಲ ಬೆಳೆಯುವ ಮೀನು. ಮೀನಿನ ತೂಕ, ತಿನ್ನುವ ಆಹಾರ, ಬಿಡುವ ಅಮೋನಿಯಾ, ಎಳೆಯುವ ಆಮ್ಲಜನಕ ಎಲ್ಲವೂ ಹೀಗೆ ಏರುತ್ತಿದ್ದರೆ, ನಿಮ್ಮ ತೊಟ್ಟಿಯ ನೀರು ಮೊದಲ ದಿನ ಇದ್ದ ಅದೇ 60 ಲೀಟರಿನ ಆಸುಪಾಸಿನಲ್ಲೇ ಇರುತ್ತದೆ. ಕಣ್ಣಿಗೆ ಮೀನು ಇನ್ನೂ ಚಿಕ್ಕದಾಗಿ ಕಾಣುವಾಗಲೇ ನೀರು ಸೋತಿರುತ್ತದೆ. ಆದ್ದರಿಂದ ಮರಿಯ ಅಳತೆಗೆ ತೊಟ್ಟಿ ಹೊಂದಿಸುವ ಲೆಕ್ಕ ಈ ಜಾತಿಗಳಲ್ಲಿ ಯಾವತ್ತೂ ಕೂಡಿಬರುವುದಿಲ್ಲ. ಬೆಳೆದ ಮೀನಿನ ಅಳತೆಯನ್ನೇ ಮೊದಲ ದಿನದಿಂದ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಅಳತೆಗಳು ಹೀಗಿವೆ: ಆಸ್ಕರ್ ಸುಮಾರು 30 ಸೆಂಟಿಮೀಟರ್. ಸಾಮಾನ್ಯ ಸಕ್ಕರ್ 30ರಿಂದ 45. ಉದ್ದ ಮೈಯ ಸಾಮಾನ್ಯ ಗೋಲ್ಡ್‌ಫಿಶ್ 25ರ ಆಚೆಗೂ ಹೋಗಬಲ್ಲದು, ಉಬ್ಬು ಹೊಟ್ಟೆಯ ಜಾತಿಗಳು 15ರಿಂದ 20. ಇನ್ನು ಶಾರ್ಕ್ ಎಂದು ಮಾರುವುದು ಮೆಕಾಂಗ್ ಮತ್ತು ಚಾವೊ ಫ್ರಾಯಾ ನದಿಗಳ ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಅದು ಒಂದು ಮೀಟರ್‌ಗೂ ಮೀರಿ ಬೆಳೆಯುತ್ತದೆ, ನಲವತ್ತು ಕಿಲೋ ತೂಗುತ್ತದೆ. ಹೋಟೆಲುಗಳಲ್ಲಿ ಬಾಸಾ ಎಂದು ಬಡಿಸುವುದು ಬಹುತೇಕ ಇದೇ ಮೀನು. ಕೃಷಿ ಹೊಂಡಗಳಲ್ಲಿ ವರ್ಷದೊಳಗೆ ಕಿಲೋ ತೂಕ ಬರುತ್ತದೆಂದೇ ಅದನ್ನು ಸಾಕುತ್ತಾರೆ. ನಿಮ್ಮ ಅಕ್ವೇರಿಯಂನಲ್ಲಿ ಮೊದಲು ಮನೆ ಬದಲಿಸಬೇಕಾದವು ಅವೇ. ದೀಪ ಹಾಕುವಾಗ ಬೆದರುವುದು ಅವುಗಳ ಸ್ವಭಾವ, ನದಿಯಲ್ಲಿ ಗುಂಪಾಗಿ ದೂರ ದೂರ ಓಡಾಡುವ ಮೀನುಗಳವು. ಸದ್ಯಕ್ಕೆ ಕೋಣೆಯ ದೀಪವನ್ನು ಮೊದಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಯ ದೀಪ ಹಾಕಿ. ಹಿಂಬದಿ ಮತ್ತು ಎರಡೂ ಪಕ್ಕದ ಗಾಜಿಗೆ ಕಪ್ಪು ಕಾಗದ ಅಂಟಿಸಿದರೆ ಗುದ್ದಿಕೊಳ್ಳುವುದು ಕಡಿಮೆಯಾಗುತ್ತದೆ.

ಉತ್ತರ — ವಿಜಯನಗರ, ಮೈಸೂರು

ಮೇಲಿನವರ ಮಾತನ್ನು ಗೌರವದಿಂದಲೇ ಓದಿದೆ, ಆದರೆ ನನ್ನ ಅನುಭವ ಬೇರೆ ಇದೆ. ನಮ್ಮ ಮನೆಯ ಎರಡೂವರೆ ಅಡಿ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಮತ್ತು ಒಂದು ಸಕ್ಕರ್ ಬಹಳ ವರ್ಷಗಳಿಂದ ಇವೆ. ಗೋಲ್ಡ್‌ಫಿಶ್ ನಾಲ್ಕು ಬೆರಳಿಗಿಂತ ಉದ್ದವಾಗಲಿಲ್ಲ, ಸಕ್ಕರ್ ಗೇಣುದ್ದಕ್ಕೆ ನಿಂತಿತು. ದಿನ ಬಿಟ್ಟು ದಿನ ಸ್ವಲ್ಪವೇ ಕಾಳು ಹಾಕುತ್ತೇವೆ, ನೀರು ತಪ್ಪದೆ ಬದಲಿಸುತ್ತೇವೆ, ಒಂದೂ ಸತ್ತಿಲ್ಲ. ಎಲ್ಲರಿಗೂ ನಾಲ್ಕಡಿ ತೊಟ್ಟಿ ಇಡುವಷ್ಟು ಜಾಗವೂ ಅನುಕೂಲವೂ ಇರುವುದಿಲ್ಲ. ಮಿತವಾಗಿ ಉಣಿಸಿ ಚಿಕ್ಕ ತೊಟ್ಟಿಯಲ್ಲೇ ಸಾಕಬಹುದು ಎಂಬುದು ನನ್ನ ಅಭಿಪ್ರಾಯ. ಆಸ್ಕರ್ ವಿಷಯ ನನಗೆ ಗೊತ್ತಿಲ್ಲ.

ಉತ್ತರ — ಶ್ರೀರಂಗಪಟ್ಟಣ

ನಾನು ಮೀನುಗಾರಿಕೆ ಓದಿದವನು, ಮೀನುಮರಿ ಉತ್ಪಾದನೆಯಲ್ಲಿ ಕೆಲಸ ಮಾಡಿದವನು. ವಿಜಯನಗರದವರು ಕಂಡದ್ದು ನಿಜ, ಅಂಗಡಿಯವರ ಮಾತು ಹುಟ್ಟಿದ್ದೂ ಇಂಥ ನೋಟದಿಂದಲೇ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ಸತ್ಯ. ಪ್ರಶ್ನೆ ಏನೆಂದರೆ, ಅದು ಏಕೆ ಕುಂಠಿತವಾಗುತ್ತದೆ ಮತ್ತು ಆ ಹೊತ್ತಿಗೆ ಮೀನಿನ ಒಳಗೆ ಏನು ನಡೆದಿರುತ್ತದೆ ಎಂಬುದು.

ಇದನ್ನು ನಮ್ಮ ಕಸುಬಿನಲ್ಲಿ ಬೇಕೆಂದೇ ಮಾಡುತ್ತೇವೆ. ಕಾಟ್ಲಾ, ರೋಹು ಮರಿಗಳನ್ನು ಮಣ್ಣಿನ ಕೊಳದಲ್ಲಿ ದಟ್ಟವಾಗಿ ತುಂಬಿ, ಜೀವ ಹಿಡಿದುಕೊಳ್ಳುವಷ್ಟೇ ಆಹಾರ ಕೊಟ್ಟು, ತಿಂಗಳುಗಟ್ಟಲೆ ಬೆಳೆಯದಂತೆ ಇಟ್ಟಿರುತ್ತೇವೆ. ಆಮೇಲೆ ವಿಶಾಲವಾದ ಕೊಳಕ್ಕೆ ಬಿಟ್ಟು ಹೊಟ್ಟೆ ತುಂಬ ಮೇವು ಕೊಟ್ಟರೆ ಅವು ಕಳೆದ ಕಾಲವನ್ನು ಹಿಂದಿರುಗಿ ಪಡೆಯುವಂತೆ ವೇಗವಾಗಿ ಬೆಳೆಯುತ್ತವೆ. ಮೀನಿಗೆ ತೊಟ್ಟಿಯ ಗೋಡೆ ಎಲ್ಲಿದೆ ಎಂಬ ಅರಿವಿನಿಂದ ಬೆಳವಣಿಗೆ ನಿಲ್ಲುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆಹಾರದ ಕೊರತೆ, ಆಮ್ಲಜನಕದ ಕೊರತೆ, ನೀರಿನಲ್ಲಿ ಕೂಡಿಕೊಳ್ಳುವ ಅಮೋನಿಯಾ ಮತ್ತು ನೈಟ್ರೇಟ್, ಜೊತೆಯ ಮೀನುಗಳಿಂದ ಬರುವ ಒತ್ತಡ, ಇವು ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತವೆ. ಸಾಕಣೆಯಲ್ಲಿ ಇದು ಕೆಲವು ತಿಂಗಳ ಮಾತು, ಅದೂ ಕೊಳದ ನೀರಿನಲ್ಲಿ. ಮನೆಯ ತೊಟ್ಟಿಯಲ್ಲಿ ಅದೇ ಸ್ಥಿತಿಯನ್ನು ಜೀವಮಾನವಿಡೀ ಎಳೆದರೆ ಮೀನು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ, ಕೆಲವದರ ಬೆನ್ನೆಲುಬು ಬಾಗುತ್ತದೆ, ಆಯುಸ್ಸು ಮೊಟಕಾಗುತ್ತದೆ. ಆಸ್ಕರ್ ಸರಿಯಾಗಿ ಸಾಕಿದರೆ ಹತ್ತು ವರ್ಷ ದಾಟಿ ಬದುಕುವ ಮೀನು. ಕುಂಠಿತಗೊಂಡ ಮೀನನ್ನು ಗುರುತಿಸುವುದು ಕಷ್ಟವಲ್ಲ: ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಾಣುತ್ತದೆ, ತಲೆಯ ಹಿಂದಿನ ಬೆನ್ನು ತೆಳುವಾಗಿರುತ್ತದೆ, ಹೊಟ್ಟೆ ಒಳಕ್ಕೆ ಸೆಳೆದುಕೊಂಡಿರುತ್ತದೆ. ವಿಜಯನಗರದವರು ತಮ್ಮ ಸಕ್ಕರ್‌ನ ಹೊಟ್ಟೆಯನ್ನು ಗಾಜಿಗೆ ಅಂಟಿಕೊಂಡಾಗ ಒಮ್ಮೆ ಗಮನಿಸಿ ನೋಡಲಿ. ಸಪಾಟಾಗಿದ್ದರೆ ಅಥವಾ ತುಸು ಉಬ್ಬಿದ್ದರೆ ಸರಿ, ಬಟ್ಟಲಿನಂತೆ ಒಳಗೆ ಹೋಗಿದ್ದರೆ ಅದಕ್ಕೆ ಹಸಿವಿದೆ. ಗಾಜಿನ ಪಾಚಿಯೊಂದರಿಂದಲೇ ಅದರ ಹೊಟ್ಟೆ ತುಂಬುವುದಿಲ್ಲ, ಬೇಯಿಸಿದ ಸೌತೆಕಾಯಿ ಅಥವಾ ಸೀಮೆ ಬದನೆಯ ಹೋಳು ರಾತ್ರಿ ಹಾಕಿ ಬೆಳಿಗ್ಗೆ ಉಳಿದದ್ದನ್ನು ತೆಗೆಯಬೇಕು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಈ ಪಟ್ಟಿಯ ಮೀನುಗಳೆಲ್ಲ ಕೆಟ್ಟ ನೀರನ್ನು ಸಹಿಸುವುದರಲ್ಲಿ ಗಟ್ಟಿಗರು. ಪಂಗಾಸಿಯಸ್ ತನ್ನ ಗಾಳಿಚೀಲದಿಂದ ಉಸಿರಾಡಬಲ್ಲದು. ನೀರಿನಲ್ಲಿ ಆಮ್ಲಜನಕ ಕುಸಿದಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಸಕ್ಕರ್ ಗಾಳಿಯನ್ನು ಹೊಟ್ಟೆಗೆ ಎಳೆದುಕೊಂಡು ಅಲ್ಲಿಂದಲೇ ಆಮ್ಲಜನಕ ಹೀರುತ್ತದೆ. ಆಸ್ಕರ್ ಅಮೆಜಾನ್ ಪ್ರದೇಶದ ನಿಂತ ನೀರಿನಲ್ಲೂ ಬಾಳುವ ಮೀನು, ಆಮ್ಲಜನಕ ತೀರಾ ಕಡಿಮೆಯಾದರೂ ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ. ಗೋಲ್ಡ್‌ಫಿಶ್ ಕೂಡ ಹಾಗೆಯೇ ಗಟ್ಟಿ. ಬೇಗ ಸಾಯುವುದಿಲ್ಲ ಎಂಬ ಕಾರಣಕ್ಕೇ ಇವು ಹೆಚ್ಚು ಮಾರಾಟವಾಗುತ್ತವೆ, ಮತ್ತು ಸಾಯಲಿಲ್ಲ ಎಂಬುದನ್ನೇ ನಾವು ಸುಖವಾಗಿವೆ ಎಂದು ಓದಿಕೊಳ್ಳುತ್ತೇವೆ. ನಿಮ್ಮ ಮನೆಯಲ್ಲಿ ಗೋಲ್ಡ್‌ಫಿಶ್‌ನಂಥ ಮೀನೇ ಬೆಳಗಿನ ಜಾವ ಮೇಲ್ಮೈಗೆ ಬಂದು ನಿಲ್ಲುತ್ತಿದೆ ಎಂದರೆ ನೀರಿನ ಸ್ಥಿತಿ ಸಣ್ಣಪುಟ್ಟ ಏರುಪೇರಿನ ಹಂತ ದಾಟಿದೆ. ಆಮ್ಲಜನಕ ಮಾತ್ರವಲ್ಲ, ನೈಟ್ರೈಟ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ಅದು ರಕ್ತದ ಹಿಮೊಗ್ಲೋಬಿನ್ ಜೊತೆ ಸೇರಿ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕೆಡಿಸುತ್ತದೆ. ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ, ಎಂದರೆ ನಿಮ್ಮ ತೊಟ್ಟಿಗೆ ಒಟ್ಟು 30 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಸೇರಿಸಿದರೆ ಕಿವಿರುಗಳ ಮೂಲಕ ನೈಟ್ರೈಟ್ ಒಳಹೋಗುವುದು ತಗ್ಗುತ್ತದೆ. ಶಾರ್ಕ್, ಸಕ್ಕರ್ ಇರುವುದರಿಂದ ಇದಕ್ಕಿಂತ ಹೆಚ್ಚು ಬೇಡ.

ಆಹಾರ ಕಡಿಮೆ ಮಾಡಿ ಬೆಳವಣಿಗೆ ತಡೆಯುವ ಬಗ್ಗೆ ಕೇಳಿದ್ದೀರಿ. ಅತಿಯಾಗಿ ಉಣಿಸುವುದನ್ನು ನಿಲ್ಲಿಸುವುದು ಬೇರೆ, ಹಸಿವಿನಲ್ಲಿ ಇಡುವುದು ಬೇರೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕಾಳನ್ನು ದಿನಕ್ಕೆ ಒಮ್ಮೆ ಹಾಕುವುದು ನಿಮ್ಮ ಈಗಿನ ಸ್ಥಿತಿಯಲ್ಲಿ ಸರಿ. ಅದಕ್ಕಿಂತ ಇಳಿಸಿದರೆ ಹಸಿದ ಆಸ್ಕರ್ ಮೊದಲು ಗೋಲ್ಡ್‌ಫಿಶ್‌ನ ಬಾಲಕ್ಕೆ ಬಾಯಿ ಹಾಕುತ್ತದೆ. ಬಾಯಿಗೆ ಹಿಡಿಯುವಷ್ಟು ಚಿಕ್ಕದಾಗಿದ್ದರೆ ಇಡಿಯಾಗಿ ನುಂಗುತ್ತದೆ. ಅಷ್ಟೇ ಅಲ್ಲ, ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಆಸ್ಕರ್‌ಗೆ 25ರಿಂದ 28 ಡಿಗ್ರಿ ಬೇಕು. ಮೈಸೂರಿನ ಧನುರ್ಮಾಸದ ರಾತ್ರಿಗಳಲ್ಲಿ ಉಷ್ಣತೆ 16 ಡಿಗ್ರಿಯ ಹತ್ತಿರ ಇಳಿಯುವಾಗ ಹೀಟರ್ ಇಲ್ಲದ ತೊಟ್ಟಿಯಲ್ಲಿ ಆಸ್ಕರ್ ಮೇವು ಬಿಡುತ್ತದೆ, ಮೈಮೇಲೆ ರವೆಯಂಥ ಬಿಳಿ ಚುಕ್ಕೆ ರೋಗ ಬರುತ್ತದೆ. ಹೀಟರ್ ಹಾಕಿದರೆ ಗೋಲ್ಡ್‌ಫಿಶ್‌ಗೆ ಹಿತವಿಲ್ಲ. ಇವೆರಡನ್ನೂ ಒಂದೇ ನೀರಿನಲ್ಲಿ ಇಡುವುದು ಯಾವ ದೃಷ್ಟಿಯಿಂದಲೂ ಹೊಂದುವುದಿಲ್ಲ.

ತೊಟ್ಟಿಯ ಅಳತೆ: ಒಂದು ಆಸ್ಕರ್‌ಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಮುಕ್ಕಾಲು ಅಡಿ ಎತ್ತರ, ಎಂದರೆ ಸುಮಾರು 300 ಲೀಟರ್. ಎರಡಕ್ಕೆ ನಾಲ್ಕಡಿ, ಎರಡಡಿ, ಎರಡಡಿ, ಸುಮಾರು 450 ಲೀಟರ್. ಅಗಲವನ್ನು ಮರೆಯಬೇಡಿ, ಒಂದಡಿ ಉದ್ದದ ಮೀನು ಒಂದಡಿ ಅಗಲದ ತೊಟ್ಟಿಯಲ್ಲಿ ಮೈ ಬಗ್ಗಿಸದೆ ತಿರುಗಲಾರದು.

ಪ್ರಶ್ನೆ ಕೇಳಿದವರು — ಕುವೆಂಪುನಗರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮದು ಬೋರ್‌ವೆಲ್ ಮತ್ತು ನಲ್ಲಿ ನೀರು ಬೆರೆತು ಸಂಪಿಗೆ ಬರುವ ವ್ಯವಸ್ಥೆ. ಪರೀಕ್ಷೆಯ ದ್ರವ ತಂದು ನೋಡಿದೆವು. ಪಿಎಚ್ 8ರ ಹತ್ತಿರವಿದೆ, ಅಮೋನಿಯಾದ ಬಣ್ಣ ಕಡುಹಸಿರಿಗೆ ತಿರುಗಿತು, ಎಂದರೆ ಅಮೋನಿಯಾ ಹೆಚ್ಚೇ ಇದೆ. ಹೇಳಿದಂತೆ ನೀರು ಬದಲಿಸುತ್ತಿದ್ದೇವೆ, ರಾತ್ರಿಯೂ ಪಂಪ್ ಓಡುತ್ತಿದೆ, ಗೋಲ್ಡ್‌ಫಿಶ್‌ಗಳು ಈಗ ಕೆಳಗಿಳಿದು ಓಡಾಡುತ್ತಿವೆ.

ಮಕ್ಕಳಿಗೆ ಆಸ್ಕರ್‌ಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಕಾರಣ ನಾಲ್ಕಡಿ ತೊಟ್ಟಿಯ ಯೋಚನೆ ಇದೆ. ಮೊದಲ ಮಹಡಿಯಲ್ಲಿ ಅಷ್ಟು ಭಾರ ಇಡಬಹುದೇ? ಉಳಿದ ಮೀನುಗಳ ವಿಷಯದಲ್ಲಿ ಮನೆಯ ಹಿರಿಯರು ಕುಕ್ಕರಹಳ್ಳಿ ಕೆರೆಗೆ ಬಿಟ್ಟರೆ ಅವೂ ಸುಖವಾಗಿರುತ್ತವೆ, ಪುಣ್ಯವೂ ಬರುತ್ತದೆ ಎನ್ನುತ್ತಿದ್ದಾರೆ. ಪಾಂಡವಪುರದ ಬಳಿ ನಮ್ಮ ಮಾವನವರ ಜಮೀನಿನಲ್ಲಿ ಕೃಷಿ ಹೊಂಡವೂ ಇದೆ.

ಉತ್ತರ — ಜೆ.ಪಿ. ನಗರ, ಮೈಸೂರು

ನಾನು ಸಿವಿಲ್ ಎಂಜಿನಿಯರ್, ಭಾರದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 450 ಲೀಟರ್ ನೀರೆಂದರೆ 450 ಕಿಲೋ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಆರುನೂರು ಕಿಲೋ ಹತ್ತಿರ ಬರುತ್ತದೆ, ಅದು ನಿಲ್ಲುವುದು ಎಂಟು ಚದರಡಿ ಜಾಗದಲ್ಲಿ. ನಮ್ಮಲ್ಲಿ ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡುವುದು ವಾಡಿಕೆ. ಭಾರತೀಯ ಮಾನಕ 875ರ ಎರಡನೆಯ ಭಾಗ ಹೇಳುವುದೂ ಅಷ್ಟನ್ನೇ. ಈ ತೊಟ್ಟಿ ತನ್ನ ಅಡಿಯಲ್ಲಿ ಅದರ ನಾಲ್ಕು ಪಟ್ಟು ಒತ್ತುತ್ತದೆ. ಇಡೀ ಕೋಣೆಯ ನೆಲಕ್ಕೆ ಹಂಚಿ ನೋಡಿದಾಗ ತಡೆದುಕೊಳ್ಳಬಹುದು, ಆದರೆ ಕೋಣೆಯ ನಡುವೆ ಇಡುವುದು ಸರಿಯಲ್ಲ. ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಉದ್ದದ ಬದಿಯನ್ನು ಗೋಡೆಗೆ ಹೊಂದಿಸಿ, ನಾಲ್ಕು ಕಾಲುಗಳ ಬದಲು ಉದ್ದಕ್ಕೂ ನೆಲ ಮುಟ್ಟುವ ಚೌಕಟ್ಟಿನ ಸ್ಟ್ಯಾಂಡಿನ ಮೇಲೆ ಇಡಿ. ಬಾಲ್ಕನಿಯಂಥ ಹೊರಚಾಚಿದ ಭಾಗದಲ್ಲಿ ಎಂದೂ ಬೇಡ. ಮನೆ ಕಟ್ಟಿ ಹೆಚ್ಚು ಕಾಲವಾಗಿಲ್ಲವಾದ್ದರಿಂದ ನಕ್ಷೆ ಮಾಡಿದವರಿಗೆ ಜಾಗ ತೋರಿಸಿ ಒಪ್ಪಿಗೆ ಪಡೆಯಿರಿ. ಕೆಳಗಿನ ಮನೆಯಲ್ಲಿ ಇಡಲು ಅವಕಾಶವಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಉತ್ತರ — ಮದ್ದೂರು

ಕೆರೆಗೆ ಬಿಡುವ ಮಾತನ್ನು ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೂ ದಯವಿಟ್ಟು ಅವರನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಿ. ನಾವು ಕೆರೆ ನೀರು ನಂಬಿ ಭತ್ತ, ಕಬ್ಬು ಬೆಳೆಯುವವರು. ನಿಮ್ಮ ತೊಟ್ಟಿಯ ಸಕ್ಕರ್ ದಕ್ಷಿಣ ಅಮೆರಿಕದ ಮೀನು. ಮರಿ ಮಾಡುವ ಕಾಲಕ್ಕೆ ದಡದ ಮಣ್ಣಿನಲ್ಲಿ ಬಿಲ ಕೊರೆಯುವುದು ಅದರ ಅಭ್ಯಾಸ. ಕೆರೆ ಏರಿಯಲ್ಲಿ ಬಿಲ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದರ ಮೈಯೆಲ್ಲ ಗಟ್ಟಿ ಚಿಪ್ಪು, ರೆಕ್ಕೆಯಲ್ಲಿ ಮುಳ್ಳು. ಬೆಸ್ತರ ಬಲೆಗೆ ಸಿಕ್ಕರೆ ಬಲೆ ಹರಿಯುತ್ತದೆ, ಕೊಳ್ಳುವವರಿಲ್ಲ. ಆಂಧ್ರ, ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳಗಳ ಕೆರೆ ನದಿಗಳಲ್ಲಿ ಇದು ಆಗಲೇ ಹರಡಿದೆ, ಅಲ್ಲಿಗೆ ತಲುಪಿದ್ದು ಅಕ್ವೇರಿಯಂಗಳಿಂದಲೇ.

ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು (ಟಿಲಾಪಿಯಾ) ತುಂಬಿಕೊಂಡಿದ್ದನ್ನು ನಾವೇ ನೋಡಿದ್ದೇವೆ. ಒಮ್ಮೆ ಬಂದ ಹೊರಗಿನ ಮೀನನ್ನು ಹಿಂದಕ್ಕೆ ಕಳಿಸುವ ಉಪಾಯ ಯಾರ ಬಳಿಯೂ ಇಲ್ಲ. ಕಾವೇರಿಯ ಕಿತ್ತಳೆ ಬಣ್ಣದ ರೆಕ್ಕೆಯ, ಗೂನು ಬೆನ್ನಿನ ಮಹಶೀರ್ ಮೀನು 2018ರಲ್ಲಿ ಅತ್ಯಂತ ಅಪಾಯದ ಅಂಚಿನಲ್ಲಿರುವ ಪ್ರಭೇದವೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಅದರ ಈ ಗತಿಗೆ ನದಿಗೆ ತಂದು ಬಿಟ್ಟ ಬೇರೆ ಕಡೆಯ ಮಹಶೀರ್ ಪ್ರಭೇದವೂ ಒಂದು ಕಾರಣ. ಇಂಥ ನದಿಯ ನೀರಿಗೆ ಇನ್ನೊಂದು ಹೊರಗಿನ ಮೀನನ್ನು ಸೇರಿಸುವುದರಲ್ಲಿ ಪುಣ್ಯ ಕಾಣುವುದು ನನ್ನಿಂದಾಗದು. ಬಿಟ್ಟ ಮೀನಿಗೂ ಸುಖವಿಲ್ಲ. ಕಾಳು ತಿಂದು ಬೆಳೆದ ಗೋಲ್ಡ್‌ಫಿಶ್ ಕುಕ್ಕರಹಳ್ಳಿ ಕೆರೆಯ ನೀರುಕಾಗೆಗಳ ಕಣ್ಣಿಗೆ ಬೀಳಲು ಬಹಳ ಹೊತ್ತು ಬೇಕಿಲ್ಲ.

ಕೃಷಿ ಹೊಂಡದ ವಿಷಯ ಬೇರೆ, ಆದರೆ ಅದನ್ನೂ ನೋಡಿ ಮಾಡಬೇಕು. ಪಾಂಡವಪುರದ ಕಡೆ ಬಹಳ ಜಮೀನುಗಳು ವಿಶ್ವೇಶ್ವರಯ್ಯ ನಾಲೆಗೋ ಅದರ ತೂಬುಗಾಲುವೆಗೋ ಹತ್ತಿರ ಇವೆ. ಮುಂಗಾರಿನಲ್ಲಿ ಹೊಂಡ ತುಂಬಿ ಹೊರಕ್ಕೆ ಹರಿದರೆ ಮೀನು ಗದ್ದೆಗೆ, ಗದ್ದೆಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ ಹೋಗುತ್ತದೆ. ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಇದೆಯೇ, ಸುತ್ತ ಎತ್ತರದ ಬದು ಇದೆಯೇ, ಕೋಡಿಗೆ ಜಾಲರಿ ಇದೆಯೇ, ಬೇಸಿಗೆಯಲ್ಲಿ ನೀರು ಉಳಿಯುತ್ತದೆಯೇ ಎಂದು ಮಾವನವರನ್ನು ಕೇಳಿ. ಇವೆಲ್ಲ ಇದ್ದರೂ ಗೋಲ್ಡ್‌ಫಿಶ್ ಬಿಟ್ಟು ಬೇರಾವುದನ್ನೂ, ಅದರಲ್ಲೂ ಶಾರ್ಕ್ ಮತ್ತು ಸಕ್ಕರ್ ಅನ್ನು, ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯವರನ್ನು ಕೇಳದೆ ಬಿಡಬೇಡಿ. ಹೊಂಡದ ಮೇಲೆ ಹಕ್ಕಿ ತಡೆಯುವ ಬಲೆಯನ್ನೂ ಕಟ್ಟಿಸಿ.

ಉತ್ತರ — ಮಂಡ್ಯ

ಮತ್ತೆ ಬರೆಯುತ್ತಿದ್ದೇನೆ. ಮದ್ದೂರಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಶಾರ್ಕ್‌ಗಳನ್ನು ಮತ್ತು ಸಕ್ಕರ್ ಅನ್ನು ದೊಡ್ಡ ತೊಟ್ಟಿ ಅಥವಾ ಸಿಮೆಂಟ್ ಕೊಳ ಇರುವವರಿಗೆ, ಇಲ್ಲವೇ ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಗೆ ಹಣ ಕೇಳದೆ ಕೊಟ್ಟುಬಿಡಿ. ಮೈಸೂರಿನಲ್ಲಿ ಅಕ್ವೇರಿಯಂ ಅಂಗಡಿಗಳು ಹಲವಿವೆ, ಒಂದು ಕಡೆ ಬೇಡವೆಂದರೆ ಇನ್ನೊಂದು ಕಡೆ ಕೇಳಿ. ಹೊಸ ತೊಟ್ಟಿಗೆ ಈಗಿನ ಸ್ಪಾಂಜ್ ಫಿಲ್ಟರನ್ನೇ ತೊಳೆಯದೆ ಸಾಗಿಸಿ, ಜೊತೆಗೆ ಗಂಟೆಗೆ 1500 ಲೀಟರಿಗೂ ಹೆಚ್ಚು ನೀರು ತಿರುಗಿಸುವ ದೊಡ್ಡ ಫಿಲ್ಟರ್ ಸೇರಿಸಿ. ಆಸ್ಕರ್ ಕಲ್ಲುಗಳನ್ನು ಬಾಯಲ್ಲಿ ಕಚ್ಚಿ ಎಸೆಯುವ, ಗಿಡ ಕೀಳುವ, ಹೀಟರಿನ ಗಾಜಿನ ಕೊಳವೆಗೆ ಡಿಕ್ಕಿ ಹೊಡೆಯುವ ಮೀನು. ಹೀಟರಿಗೆ ಪ್ಲಾಸ್ಟಿಕ್ ಕವಚವನ್ನೂ ತೊಟ್ಟಿಗೆ ಭದ್ರವಾದ ಮುಚ್ಚಳವನ್ನೂ ಹಾಕಲೇಬೇಕು. ಕರೆಂಟು ಹೋದಾಗ ತಾನೇ ಓಡುವ ಬ್ಯಾಟರಿ ಏರ್ ಪಂಪ್ ಒಂದಿರಲಿ, ಬೇಸಿಗೆಯಲ್ಲಿ ಅದು ಜೀವ ಉಳಿಸುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚಾಗುತ್ತದೆ.

ತೆರವಾಗುವ ಎರಡಡಿ ತೊಟ್ಟಿ ವ್ಯರ್ಥವಲ್ಲ. ಜೀಬ್ರಾ ಡ್ಯಾನಿಯೊ ನಮ್ಮ ಉಪಖಂಡದ್ದೇ ಮೀನು, ನಾಲ್ಕೈದು ಸೆಂಟಿಮೀಟರ್ ಮೀರುವುದಿಲ್ಲ, ಮೈಸೂರಿನ ಚಳಿಗೆ ಹೀಟರ್ ಬೇಡುವುದಿಲ್ಲ. ಎಂಟು ಹತ್ತು ಸೇರಿಸಿ ಬಿಟ್ಟರೆ ಇಡೀ ದಿನ ಒಂದರ ಹಿಂದೊಂದು ಓಡುತ್ತಿರುತ್ತವೆ. ಗಪ್ಪಿಗಳಿಗೂ ಗಡಸು ನೀರು ಒಪ್ಪುತ್ತದೆ, ಆದರೆ ಗಂಡು ಮಾತ್ರ ತನ್ನಿ, ಹೆಣ್ಣೂ ಸೇರಿದರೆ ಕೆಲವೇ ತಿಂಗಳಲ್ಲಿ ಮರಿಗಳಿಂದ ತೊಟ್ಟಿ ತುಂಬಿ ಮತ್ತೆ ಇದೇ ಪ್ರಶ್ನೆ ಏಳುತ್ತದೆ. ಗೋಲ್ಡ್‌ಫಿಶ್‌ಗಳನ್ನು ಹೊಂಡದ ವ್ಯವಸ್ಥೆಯಾಗುವವರೆಗೆ ಮಾತ್ರ ಆ ತೊಟ್ಟಿಯಲ್ಲಿ ಇಡಬಹುದು.

ಸಾಗಿಸುವಾಗ ಒಂದು ಎಚ್ಚರಿಕೆ. ಹಿಂದಿನ ದಿನ ಆಹಾರ ಹಾಕಬೇಡಿ. ಒಂದು ಚೀಲಕ್ಕೆ ಒಂದೇ ಮೀನು. ಚೀಲದ ಮೂರನೇ ಒಂದು ಭಾಗ ತೊಟ್ಟಿಯ ನೀರು, ಉಳಿದದ್ದು ಗಾಳಿ. ಹೊರಗಿನಿಂದ ಇನ್ನೊಂದು ಚೀಲ, ಅದರ ಮೇಲೆ ಕಪ್ಪು ಬಟ್ಟೆ. ಆಸ್ಕರ್ ಅನ್ನು ಬಲೆಯಲ್ಲಿ ಹಿಡಿಯಬಹುದು. ಶಾರ್ಕ್ ಮತ್ತು ಸಕ್ಕರ್‌ನ ಎದೆಯ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿರುತ್ತದೆ; ಬಲೆಯ ಎಳೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೂ ಗಾಯ, ಕೈಗೂ ಗಾಯ, ಚೀಲಕ್ಕೆ ಹಾಕಿದರೆ ಚೀಲವೂ ತೂತಾಗುತ್ತದೆ. ಅವುಗಳನ್ನು ನೀರಿನೊಳಗೇ ಪ್ಲಾಸ್ಟಿಕ್ ಡಬ್ಬಿಗೆ ಮೆಲ್ಲಗೆ ತಳ್ಳಿ ಎತ್ತಿ, ಮುಚ್ಚಳವಿರುವ ಬಕೆಟಿನಲ್ಲಿ, ಬ್ಯಾಟರಿ ಏರ್ ಪಂಪಿನ ಕೊಳವೆ ಬಿಟ್ಟು, ಬಿಸಿಲೇರುವ ಮೊದಲೇ ಒಯ್ಯಿರಿ.